ಸಿಮ್ಮು ಯಾರ ಹೆಸರಲ್ಲೈತೆ?

ಫೋನ್ ಹಿಡ್ಕೊಂಡು ಕೂತ ಹೆಂಗಸಿನಿಂದ ಮನೆ ಉದ್ಧಾರ ಆಗಲ್ಲ ಅನ್ನೋ ಮಾತನ್ನ ಈಚೆಗೆ ನಮ್ ಕಡೆ ಮುದ್ದೆಗೆ ಬಸ್ಸಾರು ಬಿಟ್ಟಂಗೆ ಎಲ್ಲಾದಕ್ಕೂ ಬಿಡ್ತಾವ್ರೆ. ಹಾಲಿನ ಡೈರಿ ತಾವ ಅದೇ ಮಾತು. ಮದುವೆ ಮನೆ ಪಂಕ್ತೀಲಿ ಅದೇ ಮಾತು. ಕೋಲಾರದ ಬಸ್ಸಿಗೆ ಕಾಯ್ಕೊಂಡು ನಿಂತಿದ್ರೂ ಪಕ್ಕದಾಗೆ ಯಾರೋ ಒಬ್ಬ ದೊಡ್ಡ ಮನುಷ್ಯ ಅದನ್ನೇ ಹೇಳ್ತಿರ್ತಾನೆ, ತನ್ ಫೋನಲ್ಲಿ ವೀಡಿಯೋ ನೋಡ್ಕಂತಾ. ನಾನು ಕ್ಯಾಲನೂರಿಗೆ ಸೊಸೆಯಾಗಿ ಬಂದೋಳು, ಮನೇಲೇ ಕೂತು ಒಸಿ ವ್ಯಾಪಾರ ಮಾಡೋಳು, ಅದೂ ಫೋನಲ್ಲೇ ಮಾಡೋಳು. ಹಂಗಾಗಿ ಈ ಮಾತು ಯಾರಿಗೆ ಹೇಳಿದ್ರೂ ನನಗೇ ಹೇಳಿದಂಗೆ. ಇವತ್ತು ಸಾರಿಗೆ ಒಗ್ಗರಣೆ ವಿಷಯ ಬ್ಯಾಡ ಅಕ್ಕಯ್ಯಾ, ಇದನ್ನೇ ಒಂದು ಕೈ ನೋಡಾನ.

ಮೊದಲು ಒಂದು ಪ್ರಶ್ನೆ. ಇದೇ ಮಾತು ಗಂಡಸ್ರಿಗೆ ಯಾಕೆ ಅಂಟಲ್ಲ? ನಮ್ ಮಾವನೋರು ರೇಷ್ಮೆ ಬೆಳೆಯೋರು. ಹುಳ ಚಂದ್ರಿಕೇಲಿ ಗೂಡು ಕಟ್ಟಿ ಮುಗಿಸೋ ಹೊತ್ತಿಗೆ ಬೆಳಿಗ್ಗೆ ಎದ್ದವ್ರು ಕಾಫಿ ಕೇಳಲ್ಲ, ಫೋನ್ ಕೇಳ್ತಾರೆ. ರಾಮನಗರದಾಗೆ ನೆನ್ನೆ ಎಷ್ಟು ಹೋಯ್ತು, ಶಿಡ್ಲಘಟ್ಟದಾಗೆ ಎಷ್ಟು, ಕೋಲಾರದಾಗೆ ಎಷ್ಟು, ನಮ್ಮೂರ ಮಾರ್ಕೆಟ್ಟಲ್ಲಿ ಎಷ್ಟು. ಗ್ರೂಪಲ್ಲಿ ಅರ್ಧ ಜನ ಕನ್ನಡದಾಗೆ ಬರೀತಾರೆ, ಉಳಿದ ಅರ್ಧ ತೆಲುಗಲ್ಲಿ ವಾಯ್ಸ್ ಕಳಿಸ್ತಾರೆ, ಎಲ್ಲರಿಗೂ ಎಲ್ಲಾನೂ ಅರ್ಥ ಆಗ್ತದೆ. 1959ರ ಕಾಯಿದೆ ಪ್ರಕಾರ ಗೂಡನ್ನ ಸರ್ಕಾರಿ ಮಾರ್ಕೆಟ್ಟಲ್ಲೇ ಮಾರಬೇಕು, ಮನೆ ಬಾಗಿಲಲ್ಲಿ ಮಾರಂಗಿಲ್ಲ. ಆದ್ರೆ ಯಾವ ಮಾರ್ಕೆಟ್ಟಿಗೆ ಗೂಡು ತುಂಬಬೇಕು ಅನ್ನೋದು ರೈತನ ಕೈಲೈತೆ. ಜಾಲರೀಲಿ ಒಂದ್ಸಲ ಗೂಡು ಸುರಿದ ಮೇಲೆ, ರೇಟು ಬರ್ಲಿಲ್ಲ ಅಂತ ವಾಪಸ್ ತುಂಬ್ಕೊಂಡು ಇನ್ನೊಂದು ಊರಿಗೆ ಹೋಗೋದು ಸುಮ್ನೆ ಆಗೋ ಕೆಲಸ ಅಲ್ಲ. ಒಳಗೆ ಹುಳ ಐತೆ, ಚಿಟ್ಟೆ ಆಗಿ ಗೂಡು ತೂತು ಮಾಡಿದ್ರೆ ಕತೆ ಮುಗೀತು. ಹಂಗಾಗಿ ಮನೆ ಬಿಡೋ ಮುಂಚೆ ರೇಟು ತಿಳ್ಕೊಳ್ಳೋದು ಅನ್ನೋದು ಅವರಿಗೆ ವರ್ಷದ ದುಡಿಮೆ. ನಮ್ಮತ್ತೆ ಅದನ್ನ ನೋಡಿ ಯಾವತ್ತೂ 'ಈ ಮುದುಕ ಫೋನ್ ಹಿಡ್ಕೊಂಡು ಮನೆ ಹಾಳು ಮಾಡ್ದ' ಅಂದಿಲ್ಲ. ಅದು ವ್ಯವಹಾರ. ನಾನು ಅದೇ ಫೋನಲ್ಲಿ ಹಿತಕಿದ ಬೇಳೆಗೆ ಆರ್ಡರ್ ತಗೊಂಡ್ರೆ ಮಾತ್ರ ಅದು ಹರಟೆ.

ಇನ್ನು, 'ನೆಟ್‌ವರ್ಕಿಂಗ್ ಅಂದ್ರೆ ಬೆಂಗಳೂರ ಕಂಪನಿಯೋರ ಭಾಷೆ, ನಮಗ್ಯಾಕೆ' ಅನ್ನೋರಿಗೆ ಒಂದು ಮಾತು. ಹೆಸರು ಹೊಸದು ಅಷ್ಟೇ, ಕೆಲಸ ನಮಗೆ ಹೊಸದಲ್ಲ. ಹಾಲಿನ ಡೈರಿ ಮುಂದೆ ದಿನಕ್ಕೆರಡು ಸಲ ಕ್ಯಾನು ಹಿಡಿದು ನಿಂತ್ಕೊಂತೀವಲ್ಲ, ಅದೇನು? ಅಲ್ಲೇ ಅಲ್ವಾ ಯಾರ ಸೀಮೆಹಸು ಮಾರಾಟಕ್ಕೈತೆ, ಯಾರ ಮನೇಲಿ ಟೊಮೊಟೊ ನಾರು ಉಳಿದೈತೆ, ಯಾವ ಮಂಡಿಯೋನು ದುಡ್ಡು ಸರಿಯಾಗಿ ಕೊಡ್ತಾನೆ, ಯಾವನು ಬಿಳಿ ಚೀಟಿ ಬರೆದು ಕೈಗಿಡ್ತಾನೆ ಅಂತ ತಿಳ್ಕೊಳ್ಳೋದು? 2000ನೇ ಇಸವಿ ಆಚೀಚೆ ಸ್ತ್ರೀಶಕ್ತಿ ಸಂಘಗಳು ಶುರುವಾದಾಗ್ಲೂ ವಾರಕ್ಕೊಂದು ಸಲ ಜಮಖಾನ ಹಾಸಿ ಕೂತು ಮಾಡಿದ್ದು ಅದೇ. ಹತ್ತು ರೂಪಾಯಿ ಉಳಿತಾಯ ಒಂದು ನೆಪ. ಯಾರಿಗೆ ಏನು ಗೊತ್ತು, ಯಾರು ಯಾರಿಗೆ ಆಗ್ತಾರೆ ಅನ್ನೋದು ಒಳಗಿನ ಸರಕು. ಡೈರಿ ಕ್ಯೂಗೆ ಒಂದು ಮಿತಿ ಐತೆ. ಅಲ್ಲಿ ಬರೋರೆಲ್ಲಾ ನಮ್ಮೂರೋರೇ. ನನಗೆ ಗೊತ್ತಿರೋದೇ ಅವರಿಗೂ ಗೊತ್ತು. ನಾನು ಮಾಡೋ ಹಪ್ಪಳ ಅವರ ಮನೇಲೂ ಒಣಗ್ತಿರ್ತದೆ. ಕೊಳ್ಳೋರು ಬೇಕಂದ್ರೆ, ಹಪ್ಪಳ ಒಣಗಿಸಕ್ಕೆ ಬಿಸಿಲಿಲ್ಲದ ಊರಿಗೆ, ಮಹಡಿ ಇಲ್ಲದ ಮನೆಗೆ ನನ್ ಮಾತು ಮುಟ್ಟಬೇಕು. ಮಾರ್ಕ್ ಗ್ರಾನೊವೆಟ್ಟರ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞರೊಬ್ಬರು 1973ರಲ್ಲೇ ಇದನ್ನ ಬರೆದವ್ರೆ: ಹೊಸ ಸುದ್ದಿ, ಹೊಸ ಅವಕಾಶ ನಮಗೆ ಬರೋದು ಹತ್ತಿರದ ನೆಂಟ್ರಿಂದಲ್ಲ, ಅಪರೂಪಕ್ಕೆ ಮಾತಾಡೋ ಪರಿಚಯದೋರಿಂದ ಅಂತ. ನೆಂಟ್ರು ನಮ್ ಜತೇಲೇ ಒಂದೇ ಬಾವೀಲಿ ಅವ್ರೆ. ನೀರು ಬ್ಯಾರೆ ಕಡೆಯಿಂದ ಬರಬೇಕು.

ಇದು ಪುಸ್ತಕದ ಮಾತು ಅಂತ ಮೂಗು ಮುರೀಬ್ಯಾಡಿ. ಕೇರಳದ ಮೀನುಗಾರರ ಕತೆ ಕೇಳಿ. ಅಲ್ಲಿಗೆ 1997ರಿಂದ 2001ರ ಒಳಗೆ ಮೊಬೈಲ್ ಫೋನ್ ಒಂದೊಂದೇ ಸೀಮೆಗೆ ಬಂತು. ಅದಕ್ಕೆ ಮುಂಚೆ ದೋಣಿಯೋರು ತಮ್ಮೂರ ದಡಕ್ಕೇ ಮೀನು ತರೋರು. ಅಲ್ಲಿ ಕೊಳ್ಳೋರಿಲ್ಲದಿದ್ರೆ ಬೂತಾಯಿ ಮೀನನ್ನ ವಾಪಸ್ ಸಮುದ್ರಕ್ಕೆ ಸುರಿಯೋರು, ಅದೇ ಹೊತ್ತಲ್ಲಿ ಹದಿನೈದು ಕಿಲೋಮೀಟರು ಆಚೆ ದಡದಲ್ಲಿ ಮೀನಿಲ್ದೆ ಜನ ಬರಿಗೈಲಿ ಹೋಗೋರು. ಫೋನ್ ಬಂದ ಮೇಲೆ ಸಮುದ್ರದಾಗಿದ್ದಂಗೇ ಯಾವ ದಡದಾಗೆ ಗಿರಾಕಿ ಅವ್ರೆ ಅಂತ ಕೇಳ್ಕೊಂಡು ದೋಣಿ ತಿರುಗಿಸಿದ್ರು. ರಾಬರ್ಟ್ ಜೆನ್ಸೆನ್ ಅನ್ನೋ ಅರ್ಥಶಾಸ್ತ್ರಜ್ಞ ಇದನ್ನ ಲೆಕ್ಕ ಹಾಕಿ 2007ರಲ್ಲಿ ಬರೆದ್ರು. ಮೀನು ಸುರಿಯೋದು ಹೆಚ್ಚುಕಮ್ಮಿ ನಿಂತೇ ಹೋಯ್ತು, ಮೀನುಗಾರರ ಲಾಭ ಶೇಕಡಾ 8ರಷ್ಟು ಏರ್ತು, ಕೊಳ್ಳೋರಿಗೆ ಬೆಲೆ ಶೇಕಡಾ 4ರಷ್ಟು ಇಳೀತು. ಇಬ್ಬರಿಗೂ ಒಳ್ಳೇದಾಯ್ತು ನೋಡಿ. ಆಗಿನ್ನೂ ವಾಟ್ಸಾಪ್ ಹುಟ್ಟಿರಲಿಲ್ಲ, ಬರೀ ಮಾತಾಡೋ ಫೋನು. ನಮ್ ಕೋಲಾರದ ಎಪಿಎಂಸಿ ಹೊರಗೆ ರೋಡಿನ ಪಕ್ಕ ಟೊಮೊಟೊ ಸುರಿದು ಹೋಗೋದನ್ನ ನೋಡಿದೋರಿಗೆ ಆ ಸಮುದ್ರಕ್ಕೆ ಸುರಿದ ಮೀನು ಏನು ಅಂತ ಹೇಳಿಕೊಡಬೇಕಿಲ್ಲ. 2023ರ ಜುಲೈನಲ್ಲಿ ಅದೇ ಮಾರ್ಕೆಟ್ಟಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು ಮಲಗಿದ್ರು ಜನ. ಸುರಿಯೋ ವರ್ಷಾನೂ ಕಾವಲು ಕಾಯೋ ವರ್ಷಾನೂ ಒಂದೇ ಮನೇಲಿ ಬತ್ತವೆ.

ನನ್ ವ್ಯಾಪಾರ ಏನು ಅಂತ ಈ ಪುಟ ಓದೋರಿಗೆ ಗೊತ್ತು. ಹೊಸಬರಿಗೆ ಹೇಳ್ತೀನಿ. ಚಳಿಗಾಲದಾಗೆ ಹಿತಕಿದ ಬೇಳೆ, ಬೇಸಿಗೇಲಿ ಹಪ್ಪಳ ಸಂಡಿಗೆ, ಮಾವಿನ ಕಾಲದಾಗೆ ನಮ್ ತವರುಮನೆ ಕಡೆ ಶ್ರೀನಿವಾಸಪುರದ ಬಾದಾಮಿ, ರಸಪೂರಿ. ಇದರಲ್ಲಿ ಹಿತಕಿದ ಬೇಳೆ ಒಂದನ್ನೇ ತಗೊಳ್ಳಿ. ಸೊಗಡವರೆ ಕಾಯಿ ತಂದು, ಸುಲಿದು, ಕಾಳು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬೆರಳಲ್ಲಿ ಹಿತಕಬೇಕು. ಉಗುರೆಲ್ಲಾ ಕಪ್ಪಾಗ್ತವೆ, ಬೆರಳ ತುದಿ ನೀರುಣ್ಣು ಕಾಲದ ಥರ ಸುಕ್ಕಾಗ್ತದೆ. ಹಿತಕಿದ್ದು ಅವತ್ತೇ ಖರ್ಚಾಗಬೇಕು. ಸಂಜೆಗೆ ಹುಳಿ ವಾಸನೆ ಬಂತಾ, ಹಸಕ್ಕೆ ಇಡಬೇಕು. ಮುಂಚೆ ನಮ್ಮತ್ತೆ ಕಾಲದಾಗೆ ಇದನ್ನ ಪುಟ್ಟಿಲಿ ಹೊತ್ಕೊಂಡು ಕೋಲಾರದ ಮಾರ್ಕೆಟ್ಟಲ್ಲಿ ಕೂರೋರು. ಹತ್ತು ಸೇರು ಹಿತಕಿದ್ರೆ ಆರು ಸೇರು ಹೋಗೋದು. ಉಳಿದದ್ದನ್ನ ಸಂಜೆ ಬಸ್ ಬರೋ ಹೊತ್ತಿಗೆ ಕೇಳಿದ ರೇಟಿಗೆ ಕೊಟ್ಟು ಎದ್ದು ಬರೋರು. ಕೊಳ್ಳೋನಿಗೂ ಗೊತ್ತು, ಆರು ಗಂಟೆ ಮೇಲೆ ಈ ಮುದುಕಿ ಇಳೀತಾಳೆ ಅಂತ. ಬೆಲೆ ಕಟ್ಟೋನು ಅವನೇ.

ಈಗ ನಾನು ಮಾಡೋದು ತಿರುಗಾಮುರುಗಾ. ಮುಂಚಿನ ದಿನ ಸಂಜೆ ಏಳು ಗಂಟೆ ಒಳಗೆ ಗ್ರೂಪಲ್ಲಿ ಹೇಳಬೇಕು, ಯಾರಿಗೆ ಎಷ್ಟು ಅಂತ. ಅಷ್ಟಕ್ಕೇ ಕಾಳು ನೆನೆಹಾಕ್ತೀನಿ. ಒಂದು ಹಿಡಿ ಹೆಚ್ಚು, ಅದು ನಮ್ ಮನೆ ಸಾರಿಗೆ. ಬೆಳಿಗ್ಗೆ ಹಿತಕಿ, ಡಬ್ಬಿ ಕಟ್ಟಿ, ಕೋಲಾರಕ್ಕೆ ಬಸ್ಸು, ಅಲ್ಲಿಂದ ಬೆಂಗಳೂರು ಬಸ್ಸು. ಎಪ್ಪತ್ತು ಕಿಲೋಮೀಟರು ಆಸುಪಾಸು. 2023ರ ಜೂನ್ 11ರಿಂದ ಶಕ್ತಿ ಯೋಜನೇಲಿ ಹೆಂಗಸ್ರಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ಟಿಲ್ಲ. ಆ ಫ್ರೀ ಬಸ್ಸನ್ನ ಆಡ್ಕೊಂಡೋರು ಎಷ್ಟು ಜನ! ದೇವಸ್ಥಾನ ಸುತ್ತಕ್ಕೆ ಕೊಟ್ಟವ್ರೆ ಅಂತ. ದೇವಸ್ಥಾನಕ್ಕೂ ಹೋಗ್ತೀವಿ, ಯಾಕೆ ಹೋಗಬಾರ್ದು. ಆದ್ರೆ ನನ್ ಲೆಕ್ಕದಾಗೆ ಅದು ಸಾಗಾಣಿಕೆ ಖರ್ಚು ಉಳಿಸಿದ ಬಸ್ಸು. ಫೋನಿನ ಗ್ರೂಪು ಒಂದಿದ್ದು ಬಸ್ಸಿಲ್ದಿದ್ರೆ ಲಾಭ ಕಂಡಕ್ಟರಿಗೆ ಹೋಗೋದು. ಬಸ್ಸೊಂದಿದ್ದು ಗ್ರೂಪಿಲ್ದಿದ್ರೆ ಮೆಜೆಸ್ಟಿಕ್ಕಲ್ಲಿ ಡಬ್ಬಿ ಹಿಡ್ಕೊಂಡು ನಿಂತಿರ್ತಿದ್ದೆ. ಎರಡೂ ಸೇರಿದ್ದಕ್ಕೇ ಹಿತಕಿದ ಬೇಳೆ ಒಂದು ಕಾಳೂ ಹಸಕ್ಕೆ ಹೋಗ್ತಿಲ್ಲ, ಬೆಲೆ ಕಟ್ಟೋಳು ನಾನೇ ಆಗಿದೀನಿ.

(ಗ್ರೂಪಿನೋರು ಒಂದು ಪ್ರಶ್ನೆ ಮಾತ್ರ ಬಿಡದೆ ಕೇಳ್ತಾರೆ: ಕಾಯಿ ಕೆ.ಸಿ. ವ್ಯಾಲಿ ನೀರಲ್ಲಿ ಬೆಳೆದದ್ದಾ ಅಂತ. ಬೆಂಗಳೂರೋರು ಬಿಟ್ಟ ನೀರೇ ಸೋಸಿ 2018ರಿಂದ ನಮ್ ಕೆರೆಗೆ ಬತ್ತಾ ಐತೆ. ನೀರು ನಿಮ್ದೇ ಕಣಮ್ಮಾ ಅಂತ ಬಾಯಿ ತುದೀಗೆ ಬರ್ತದೆ, ನುಂಗ್ಕೊಂತೀನಿ. ನಮ್ಮದು ಮಳೆಯಾಶ್ರಿತ ಹೊಲದ ಅವರೆ, ರಾಗಿ ಸಾಲಿನ ನಡುವೆ ಹಾಕಿದ್ದು ಅಂತ ಫೋಟೋ ಕಳಿಸ್ತೀನಿ.)

ಇಲ್ಲಿವರೆಗೂ ಹೇಳಿದ್ದು ದುಡ್ಡಿನ ಮಾತು. ಅದಕ್ಕಿಂತ ದೊಡ್ಡದು ಒಂದೈತೆ, ಅದನ್ನ ನಮ್ಮೂರಾಗೆ ಬಾಯಿಬಿಟ್ಟು ಯಾರೂ ಹೇಳಲ್ಲ. ನನ್ ಜತೆ ಸಂಘದಾಗೆ ಒಬ್ಬಾಕೆ ಅವ್ಳೆ, ಕಾಲೋನಿ ಮನೆಯೋಳು. ನಾವೆಲ್ಲಾ ಒಂದೇ ಜಮಖಾನದ ಮೇಲೆ ಕೂತ್ಕೊಂತೀವಿ, ಒಂದೇ ಪುಸ್ತಕಕ್ಕೆ ಸೈನ್ ಹಾಕ್ತೀವಿ, ಡಿಸಿಸಿ ಬ್ಯಾಂಕಿನ ಸಾಲಕ್ಕೆ ಒಬ್ರಿಗೊಬ್ರು ಜವಾಬ್ದಾರರು. ಆದ್ರೆ ಆಕೆ ಮಾಡೋ ಸಾರಿನ ಪುಡಿ ಊರೊಳಗಿನ ಒಂದು ಮನೇಗೂ ಹೋಗಲ್ಲ. ಪುಡಿ ಏನು ಕಮ್ಮಿ ಅಂತ ಕೇಳಿದ್ರೆ ಯಾರ ಹತ್ರಾನೂ ಉತ್ತರ ಇಲ್ಲ, ಯಾಕಂದ್ರೆ ಯಾರೂ ತಿಂದು ನೋಡಿಲ್ಲ. ನಾನು ತಿಂದಿದೀನಿ. ಧನಿಯ ಹುರಿಯೋ ಹದ ಆಕೆಗೆ ಗೊತ್ತಿರೋ ಅರ್ಧ ನನಗೆ ಗೊತ್ತಿಲ್ಲ. ಎರಡು ವರ್ಷದ ಹಿಂದೆ ಬೆಂಗಳೂರ ಅಪಾರ್ಟ್‌ಮೆಂಟಿನ ಗ್ರೂಪಿಗೆ ಆಕೆ ಪುಡಿ ಹಾಕಿದ್ಲು. ಮೊದಲ ಸಲ ಮೂರು ಕೆಜಿ. ಈಗ ತಿಂಗಳಿಗೆ ಎಷ್ಟು ಅಂತ ಬರೆಯಲ್ಲ, ಕಣ್ ಬೀಳ್ತದೆ.

ಆ ಗ್ರೂಪಲ್ಲೂ ಒಬ್ಬಮ್ಮ ಕೇಳಿದ್ಲಂತೆ, 'ನೀವು ಯಾವ ಕಡೆಯೋರು, ಯಾವ ಪೈಕಿ' ಅಂತ. ಫೋನು ಬಂದ ತಕ್ಷಣ ಜನದ ಬುದ್ಧಿ ತೊಳೆದು ಇಟ್ಟಂಗಾಗ್ತದೆ ಅಂತ ನಾನು ಹೇಳಲ್ಲ. ಆಕೆ ಅದಕ್ಕೆ ಉತ್ತರ ಬರೀಲಿಲ್ಲ. ವರ್ಷಕ್ಕೆ ನೂರು ರೂಪಾಯಿ ಕಟ್ಟಿ ಮಾಡಿಸಿದ ಆಹಾರ ಸುರಕ್ಷತೆ ನೋಂದಣಿ ಪತ್ರದ ಫೋಟೋ ಹಾಕಿದ್ಲು, ಅಷ್ಟೇ. ಕೇಳಿದೋಳು ಸುಮ್ನಾದ್ಲು, ಉಳಿದೋರು ಆರ್ಡರ್ ಹಾಕಿದ್ರು. ಊರಲ್ಲಾಗಿದ್ರೆ ಒಬ್ಬರು ಬ್ಯಾಡ ಅಂದ್ರೆ ಊರೇ ಬ್ಯಾಡ ಅನ್ನೋದು. ಅಲ್ಲಿ ಒಬ್ಬಮ್ಮ ಬ್ಯಾಡ ಅಂದ್ರೆ ಒಬ್ಬಮ್ಮ ಬ್ಯಾಡ ಅಂದಂಗೆ, ಅಷ್ಟೇ. ಇನ್ನೊಂದು ಹೇಳಲೇಬೇಕು. ನಮ್ಮೂರ ಒಂದು ದೊಡ್ಡ ಮನೆ ಹುಡುಗ ಆ ಕಡೆ ಅಪಾರ್ಟ್‌ಮೆಂಟಲ್ಲೇ ಅವ್ನೆ. ಅವನ ಹೆಂಡ್ತಿ ಆ ಪುಡೀನೇ ತರಿಸೋದು. ಹಬ್ಬಕ್ಕೆ ಹೋಗಿದ್ದ ಅವನಪ್ಪ ಸಾರು ಉಂಡು, 'ನಮ್ಮೂರ್ ಕಡೆ ಕೈ ಕಣಮ್ಮ ಇದು' ಅಂತ ಎರಡನೇ ಸಲ ಬಡಿಸ್ಕೊಂಡ್ನಂತೆ. ಸೊಸೆ ಯಾರ ಕೈ ಅಂತ ಹೇಳಿದ್ಲೋ ಇಲ್ವೋ ನಾನು ಕೇಳಕ್ಕೆ ಹೋಗಿಲ್ಲ. ಫೋನ್ ವ್ಯಾಪಾರದಿಂದ ಸಂಪ್ರದಾಯ ಹಾಳಾಗ್ತದೆ ಅಂತ ಭಾಷಣ ಮಾಡೋರು ಯಾವ ಸಂಪ್ರದಾಯದ ಬಗ್ಗೆ ಮಾತಾಡ್ತಾವ್ರೆ ಅನ್ನೋದು ಮಾತ್ರ ನನಗೆ ಚೆನ್ನಾಗಿ ಗೊತ್ತು.

ಇದೆಲ್ಲಾ ಒಬ್ರಿಬ್ರ ಅದೃಷ್ಟ ಅನ್ನೋರೂ ಅವ್ರೆ. ಬಾಕಾಹು ನೆನಪೈತಾ? ಬಾಳೆಕಾಯಿ ಹುಡಿ. 2021ರಲ್ಲಿ ಬಾಳೆಕಾಯಿಗೆ ಬೆಲೆ ಬಿದ್ದು ಕರಾವಳಿ, ಮಲೆನಾಡಿನೋರು ತಲೆ ಮೇಲೆ ಕೈ ಹೊತ್ತಾಗ, 'ಅಡಿಕೆ ಪತ್ರಿಕೆ'ಯ ಶ್ರೀಪಡ್ರೆಯವರು ಮತ್ತೆ ಅವರ ಜತೆಯೋರು ವಾಟ್ಸಾಪ್ ಗ್ರೂಪಲ್ಲೇ ಮನೆ ಹೆಂಗಸ್ರಿಗೆ ಬಾಳೆಕಾಯಿ ಒಣಗಿಸಿ ಹಿಟ್ಟು ಮಾಡೋದನ್ನ ಹಬ್ಬಿಸಿದ್ರು. ಕೊರೋನಾ ಕಾಲ, ಯಾರ ಮನೆಗೂ ಯಾರೂ ಹೋಗಂಗಿಲ್ಲ. ಒಬ್ಬಾಕೆ ದೋಸೆ ಹುಯ್ದು ಫೋಟೋ ಹಾಕಿದ್ಲು, ಇನ್ನೊಬ್ಬಾಕೆ ಗುಲಾಬ್ ಜಾಮೂನು ಮಾಡಿ ಹಾಕಿದ್ಲು, ಮತ್ತೊಬ್ಬಾಕೆ ಹಿಟ್ಟು ಕಪ್ಪಾಗ್ತದಲ್ಲ ಏನು ಮಾಡ್ಲಿ ಅಂತ ಕೇಳಿದ್ಲು. ಉತ್ತರ ಕನ್ನಡ, ದಕ್ಷಿಣ ಕನ್ನಡದ ಆ ಹೆಂಗಸ್ರ ಕೆಲಸವನ್ನ ಅದೇ ಜುಲೈ ತಿಂಗಳ 'ಮನ್ ಕೀ ಬಾತ್'ನಲ್ಲಿ ಪ್ರಧಾನಿ ಹೇಳೋ ಮಟ್ಟಕ್ಕೆ ಹೋಯ್ತು. ನನಗೆ ಆ ಹೊಗಳಿಕೆಗಿಂತ ಆ ಮೂರನೇ ಪ್ರಶ್ನೆ ದೊಡ್ಡದು. 'ಕಪ್ಪಾಗ್ತದಲ್ಲ, ಏನು ಮಾಡ್ಲಿ' ಅಂತ ನಮ್ ಓರಗಿತ್ತಿ ಹತ್ರ ಕೇಳಿದ್ರೆ 'ಅಷ್ಟೂ ಬರಲ್ವಾ' ಅಂತಾಳೆ. ಅತ್ತೆ ಹತ್ರ ಕೇಳಿದ್ರೆ ತವರುಮನೆ ಎಳೀತಾರೆ. ಮುಖ ಕಾಣದೋರ ಹತ್ರ ಕೇಳಿದ್ರೆ ಉತ್ತರ ಬರ್ತದೆ, ಕೊಂಕು ಬರಲ್ಲ. ಗೊತ್ತಿಲ್ಲ ಅಂತ ಒಪ್ಕೊಂಡು ಕಲಿಯೋಕೆ ಒಂದು ಜಾಗ ಸಿಕ್ಕಿದ್ದೇ ಎಷ್ಟೋ ಮನೆಗಳಲ್ಲಿ ಹೊಸದು.

ಇಷ್ಟು ಹೇಳಿದೆ ಅಂತ, ಮುಂದೆ ನಿಂತು ಚಪ್ಪಾಳೆ ತಟ್ಟೋ ಇನ್ನೊಂದು ಜನ ಅವ್ರೆ, ಅವರನ್ನೂ ಬಿಡಲ್ಲ ನಾನು. 'ಮನೇಲೇ ಕೂತು ಲಕ್ಷ ಗಳಿಸಿ' ಅನ್ನೋರು. ಮೊದಲು ಫ್ರೀ ಕ್ಲಾಸು, ಆಮೇಲೆ 999 ರೂಪಾಯಿ ಕ್ಲಾಸು, ಆಮೇಲೆ ಹದಿನೈದು ಸಾವಿರದ ಕ್ಲಾಸು. ಅದರಲ್ಲಿ ಹೇಳಿಕೊಡೋದೇನು? ಕಂಡ ಕಂಡ ಗ್ರೂಪಿಗೆ ಸೇರಿ, ದಿನಕ್ಕೆ ನೂರು ಜನಕ್ಕೆ ಹಾಯ್ ಅನ್ನಿ, ಶುಭೋದಯ ಕಳಿಸಿ, ನಿಮ್ ಕೆಳಗೆ ಇನ್ನು ನಾಲ್ಕು ಜನ ಸೇರಿಸಿ. ಅಯ್ಯೋ, ನಾಲ್ಕು ಜನ ಸೇರ್ಸು ಅನ್ನೋ ಚೀಟಿ ವ್ಯವಹಾರದಾಗೆ ಎಷ್ಟು ಮನೆ ತಾಳಿ ಅಡ ಇಟ್ಟವ್ರೆ ಅಂತ ನಮಗೆ ಗೊತ್ತಿಲ್ವಾ? ಸಾವಿರ ಜನದ ಗ್ರೂಪಲ್ಲಿ ಎಲ್ಲರೂ ಮಾರೋರೇ, ಕೊಳ್ಳೋನು ಒಬ್ಬನಿಲ್ಲ. ಅದು ಸಂತೆ ಅಲ್ಲ, ಗಿರಾಕಿ ಬರದ ಸಂತೆ. ನನ್ ಗ್ರೂಪಲ್ಲಿರೋದು ಇನ್ನೂರು ಚಿಲ್ಲರೆ ಜನ. ಪ್ರತಿಯೊಬ್ಬರೂ ಒಂದ್ಸಲನಾದ್ರೂ ನನ್ ಡಬ್ಬಿ ವಾಪಸ್ ಕೊಟ್ಟಿರೋರು. ಯಾರ ಮನೇಲಿ ಬಾಣಂತಿ ಅವ್ಳೆ, ಯಾರಿಗೆ ಶುಗರ್ರು, ಯಾರ ಮನೇಲಿ ಬೆಳ್ಳುಳ್ಳಿ ತಿನ್ನಲ್ಲ ಅಂತ ನನಗೆ ಗೊತ್ತು. ಒಂದು ಬಾರಿ ಹೇಳಿದ್ದನ್ನ ಕೊಡದೆ ತಪ್ಪಿಸ್ಕೊಂಡ್ರೆ ಇನ್ನೂರು ಮನೆಗೆ ಆ ಸುದ್ದಿ ಮುಟ್ಟಕ್ಕೆ ಹತ್ತು ನಿಮಿಷ ಸಾಕು ಅನ್ನೋದೂ ಗೊತ್ತು. ಹದಿನೈದು ಸಾವಿರ ಕೊಟ್ಟು ಕಲಿಯೋ ವಿದ್ಯೆ ಅಲ್ಲ ಇದು. ಸಂತೇಲಿ ಕೂತು ತೂಕಕ್ಕೆ ಮೇಲೊಂದು ಹಿಡಿ ಹಾಕ್ತಿದ್ದ ನಮ್ಮತ್ತೆಗೆ ಯಾವ ಕ್ಲಾಸೂ ಬೇಕಾಗಿರಲಿಲ್ಲ.

ಮತ್ತೆ, ಪರರ ಜಗಲಿ ಮೇಲೆ ಅಂಗಡಿ ಹಾಕಿದೋರು ಅದು ಪರರದ್ದು ಅನ್ನೋದು ಮರೀಬಾರ್ದು. ಟಿಕ್‌ಟಾಕ್‌ನಲ್ಲಿ ಸೀರೆ ತೋರಿಸಿ, ಅಡುಗೆ ತೋರಿಸಿ ಸಾವಿರಾರು ಜನಾನ ಕಟ್ಕೊಂಡಿದ್ದೋರಿಗೆ 2020ರ ಜೂನ್ 29ರ ಒಂದು ಸರ್ಕಾರಿ ಆದೇಶಕ್ಕೆ ಎಲ್ಲಾ ಹೋಯ್ತು. ಆದೇಶ ಸರಿಯೋ ತಪ್ಪೋ ಬ್ಯಾರೆ ಮಾತು. ಬೆಳಿಗ್ಗೆ ಎದ್ದರೆ ಗಿರಾಕಿ ಇಲ್ಲ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್ಕು, ವಾಟ್ಸಾಪು, ಇನ್‌ಸ್ಟಾಗ್ರಾಮು ಮೂರೂ ಒಟ್ಟಿಗೆ ಆರು ಗಂಟೆ ಹೊತ್ತು ಸತ್ತು ಮಲಗಿದ್ವು. ಮೂರಕ್ಕೂ ಒಬ್ಬನೇ ಯಜಮಾನ, ಅದಕ್ಕೇ. ನನ್ ಹತ್ರ ನಮ್ ಮಗನ ಹಳೇ ಇನ್ನೂರು ಪೇಜ್ ನೋಟ್‌ಬುಕ್ ಒಂದೈತೆ. ಹೆಸರು, ನಂಬರು, ಮನೆ ಗುರುತು, ಏನು ಇಷ್ಟ. ಕಂಪನಿ ಬಾಗಿಲು ಹಾಕ್ಕೊಂಡ್ರೂ ಆ ಪುಸ್ತಕ ಹಾಕ್ಕಳಲ್ಲ.

ಫೋನಿಗೆ ಆಗದ ಕೆಲಸಾನೂ ಹೇಳ್ಬಿಡ್ತೀನಿ, ಇಲ್ಲಾಂದ್ರೆ ನಾನೂ ಆ ಕ್ಲಾಸಿನೋರ ಸಾಲಿಗೆ ಸೇರ್ತೀನಿ. ನಮ್ ತವರು ಕಡೆ ಮಾವು ಅಂದ್ರೆ ಮುಕ್ಕಾಲು ಪಾಲು ತೋತಾಪುರಿ ಮಾತು. ಅದು ಹೋಗೋದು ಚಿತ್ತೂರಿನ ತಿರುಳು ಫ್ಯಾಕ್ಟರಿಗಳಿಗೆ. 2025ರ ಜೂನ್ 7ಕ್ಕೆ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಒಳಗೆ ಬರಂಗಿಲ್ಲ ಅಂತು. ಗಡೀಲಿ ಲಾರಿ ನಿಂತ್ವು. ನಮ್ ಮುಖ್ಯಮಂತ್ರಿ ಅಲ್ಲಿನ ಮುಖ್ಯಮಂತ್ರಿಗೆ ಕಾಗದ ಬರೆದ್ರು, ಕೊನೆಗೆ ಕೇಂದ್ರದೋರು ಕ್ವಿಂಟಾಲಿಗೆ 1616 ರೂಪಾಯಿ ಲೆಕ್ಕದಾಗೆ ಎರಡೂವರೆ ಲಕ್ಷ ಟನ್ನಿಗೆ ಬೆಲೆ ಕೊರತೆ ತುಂಬಿಕೊಡೋ ಒಪ್ಪಿಗೆ ಕೊಟ್ರು. ಆ ಹೊತ್ತಲ್ಲಿ ನಮ್ಮಣ್ಣಯ್ಯ ನನಗೆ ಫೋನ್ ಮಾಡಿ, 'ಏನಮ್ಮಯ್ಯ, ನಿನ್ ಗ್ರೂಪಲ್ಲಿ ಒಂದು ಲೋಡು ಹಾಕು' ಅಂದ. ಎಲ್ಲಿಂದ ಹಾಕ್ಲಿ? ಉಪ್ಪು ಖಾರ ಹಚ್ಕೊಂಡು ತಿನ್ನಕ್ಕೆ ಒಂದು ಮನೆಗೆ ಎರಡು ಕಾಯಿ ಸಾಕು. ಟನ್ನುಗಟ್ಟಲೆ ಮಾಲಿಗೆ ಫ್ಯಾಕ್ಟರಿ ಬೇಕು, ಸರ್ಕಾರ ಬೇಕು, ನಮ್ಮದೇ ಜಿಲ್ಲೇಲಿ ತಿರುಳು ತೆಗೆಯೋ ವ್ಯವಸ್ಥೆ ಬೇಕು. ಗ್ರೂಪು ಮಾಡ್ಕೊಳ್ಳಿ ಎಲ್ಲಾ ಸರಿಹೋಗ್ತದೆ ಅಂತ ಯಾವ ಅಧಿಕಾರಿನಾದ್ರೂ ವೇದಿಕೆ ಮೇಲೆ ಹೇಳಿದ್ರೆ, ಅವನು ತನ್ ಕೆಲಸಾನ ನಮ್ ಫೋನಿಗೆ ಹೊರಿಸ್ತಾವ್ನೆ ಅಂತ ತಿಳ್ಕೊಳ್ಳಿ. ಬಾದಾಮಿ, ರಸಪೂರಿ, ಮಲ್ಲಿಕಾ ಕತೆ ಬ್ಯಾರೆ. ಮಾವು ಅಭಿವೃದ್ಧಿ ನಿಗಮದೋರು ಕರ್ಸಿರಿ ಅಂತ ಪೋರ್ಟಲ್ ಮಾಡಿ, ಅಂಚೆ ಇಲಾಖೆ ಕೈಲಿ ಮೂರು ಕೆಜಿ ಬಾಕ್ಸನ್ನ ಬೆಂಗಳೂರಿನ ಮನೆ ಬಾಗಿಲಿಗೆ ಮುಟ್ಟಿಸಿದ್ರು. ಲಾಕ್‌ಡೌನ್ ವರ್ಷ ಮಂಡಿ ನಂಬ್ಕೊಂಡೋರು ಕೈಚೆಲ್ಲಿ ಕೂತಿದ್ದಾಗ ಆ ಬಾಕ್ಸಿನ ದಾರಿ ಹಿಡಿದೋರು ಉಸಿರಾಡಿದ್ರು. ತಿನ್ನೋ ಹಣ್ಣಿಗೆ ಫೋನು, ತಿರುಳಿನ ಕಾಯಿಗೆ ಸರ್ಕಾರ. ಎರಡನ್ನೂ ಕಲಸಿ ಮಾತಾಡಬಾರ್ದು.

'ನೋಡ್ದಾ, ಫೋನಲ್ಲಿ ದುಡ್ಡು ತಗೊಂಡ್ರೆ ನೋಟೀಸ್ ಬರ್ತದೆ' ಅನ್ನೋದು ಈಗ ಹೊಸ ರಾಗ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆಯೋರು ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಯೋರಿಗೆ ನೋಟೀಸ್ ಕೊಟ್ಟಾಗ ಬೆಂಗಳೂರಾಗೆ ಬೇಕರಿ, ಕಾಂಡಿಮೆಂಟ್ಸ್ ಮುಂದೆ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅನ್ನೋ ಬೋರ್ಡು ಬಿದ್ವು. ಆಮೇಲೆ ಮುಖ್ಯಮಂತ್ರಿ ಸಭೆ ಕರೆದು ಹಳೇ ಬಾಕಿ ವಸೂಲಿ ಮಾಡಲ್ಲ ಅಂದ್ರು. ಅವರು ಕೇಳಿದ್ದು ಮಾಲು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ ದಾಟಿದ ವಹಿವಾಟು. ಹಪ್ಪಳ ಮಾರಿ 40 ಲಕ್ಷ ದಾಟಿದ ದಿನ ನಾನೇ ಹೋಗಿ ಇಲಾಖೆಯೋರಿಗೆ ಸಿಹಿ ಹಂಚ್ತೀನಿ. ಆದ್ರೆ ಅದರಿಂದ ಕಲಿಯೋದು ಒಂದೈತೆ. ಒಂದೇ ಖಾತೆಗೆ ಹಾಲಿನ ದುಡ್ಡು, ಗೂಡಿನ ದುಡ್ಡು, ಭಾಮೈದ ವಾಪಸ್ ಕೊಟ್ಟ ಕೈಸಾಲ, ಹೆಂಡ್ತಿ ಹಪ್ಪಳದ ದುಡ್ಡು ಎಲ್ಲಾ ಬಿದ್ರೆ, ಕಂಪ್ಯೂಟರಿಗೆ ಎಲ್ಲಾ ಒಂದೇ ವ್ಯಾಪಾರದಂಗೆ ಕಾಣ್ತದೆ. ಆ ಖಾತೆ ಯಾರದ್ದು? ಗಂಡಂದು.

ಈ ಜಗಳಕ್ಕೆ ಬರಕ್ಕೇ ನಾನು ಇಷ್ಟುದ್ದ ಬರೆದಿದ್ದು. ನನ್ ಓರಗಿತ್ತಿ, ಮೈದುನನ ಹೆಂಡ್ತಿ, ಟೈಲರಿಂಗ್ ಮಾಡ್ತಾಳೆ. ಬ್ಲೌಸಿಗೆ ಆರಿ ಕೆಲಸ ಹಾಕೋದ್ರಲ್ಲಿ ಕೋಲಾರದ ಅಂಗಡಿಯೋರು ಅವಳ ಹತ್ರ ಬರಬೇಕು. ಮೂರು ವರ್ಷದಿಂದ ಡಿಸೈನ್ ಫೋಟೋ ಹಾಕಿ, ಅಳತೆ ತರಿಸ್ಕೊಂಡು, ಮಾಲೂರು, ಹೊಸಕೋಟೆ, ಬೆಂಗಳೂರು ಅಂತ ಗಿರಾಕಿ ಕಟ್ಟಿದ್ಲು. ಎಲ್ಲಾ ಮೈದುನನ ಹೆಸರಿನ ಸಿಮ್ಮಲ್ಲಿ. ಮನೆಗೆ ಎಷ್ಟು ಸಿಮ್ಮು ತಂದ್ರೂ ಯಜಮಾನನ ಆಧಾರ್ ಕೊಟ್ಟೇ ತರೋದು ನಮ್ ಕಡೆ ಪದ್ಧತಿ. ಬ್ಯಾಂಕಿಗೆ ಕೊಟ್ಟ ನಂಬರೂ ಅದೇ, ಹಂಗಾಗಿ ದುಡ್ಡು ಬೀಳೋದೂ ಅವನ ಖಾತೆಗೆ, ಒಟಿಪಿ ಬರೋದೂ ಅವನ ಕಣ್ ಮುಂದೆ. ಹೋದ ವರ್ಷ ಇಬ್ಬರಿಗೂ ಮಾತಿಗೆ ಮಾತು ಬೆಳೀತು. ಅವನು ಸಿಮ್ಮು ಕಿತ್ತು ತನ್ ಇನ್ನೊಂದು ಫೋನಿಗೆ ಹಾಕ್ಕೊಂಡ. ಅಷ್ಟೇ. ಹೊಡೀಲಿಲ್ಲ, ಬಡೀಲಿಲ್ಲ, ಮನೆ ಬಿಟ್ಟು ಕಳಿಸ್ಲಿಲ್ಲ. ಊರೋರ ಕಣ್ಣಿಗೆ ಏನೂ ಆಗ್ಲೇ ಇಲ್ಲ. ಆದ್ರೆ ಮೂರು ವರ್ಷದ ಅಂಗಡೀನ ಒಂದು ಕಾಳಷ್ಟಗಲದ ಚಿಪ್ಪಿನ ಜತೆ ಜೇಬಿಗೆ ಹಾಕ್ಕೊಂಡು ಹೋದ.

ನಮ್ಮತ್ತೆ, 'ಗಂಡನ್ ನಂಬರಾದ್ರೇನು, ಎಂಡ್ತಿ ನಂಬರಾದ್ರೇನು, ಮನೆ ಒಂದೇ ಅಲ್ವೇನಮ್ಮೀ' ಅಂದ್ರು. ಹಂಗಾದ್ರೆ ಅತ್ತೇ, ಮನೆ ಪಹಣೀನೂ ಅವಳ ಹೆಸರಿಗೆ ಮಾಡಾನ, ಮನೆ ಒಂದೇ ಅಲ್ವಾ ಅಂದೆ. ಅವರು ಅಕ್ಕಿ ಆರಿಸೋಕೆ ಎದ್ದು ಹೋದ್ರು. ಹಸುವಿನ ಹಾಲು ಯಾರ ಹೆಸರಲ್ಲಿ ಡೈರೀಲಿ ಬರೀತಾರೋ ಬೋನಸ್ಸು ಅವರದ್ದು ಅಂತ ಗೊತ್ತಿರೋ ಮನೆಗಳಿಗೆ, ಗಿರಾಕಿ ನಂಬರು ಯಾರ ಹೆಸರಲ್ಲೈತೋ ವ್ಯಾಪಾರ ಅವರದ್ದು ಅನ್ನೋದು ಯಾಕೆ ಗೊತ್ತಾಗಲ್ಲ?

ಹೆಂಗಸ್ರು ಆನ್‌ಲೈನಲ್ಲಿ ವ್ಯಾಪಾರ ಮಾಡಬೇಕು ಅಂತ ಊರೂರಿಗೆ ಬಂದು ತರಬೇತಿ ಕೊಡೋರನ್ನ ನಾನು ಕೇಳೋದೂ ಇದನ್ನೇ. ಲೋಗೋ ಮಾಡೋದು, ಫೋಟೋಗೆ ಬೆಳಕು ಬಿಡೋದು ಎಲ್ಲಾ ಆಮೇಲೆ ಹೇಳಿಕೊಡಿ. ಮೊದಲನೇ ದಿನ ಬಂದೋರ ಕೈಲಿರೋ ಸಿಮ್ಮು ಯಾರ ಹೆಸರಲ್ಲೈತೆ ಅಂತ ಕೇಳಿ. ಹೆಸರು ಬದಲಾಯಿಸಬೇಕಂದ್ರೆ ಗಂಡ ಹೆಂಡ್ತಿ ಇಬ್ಬರೂ ಆಧಾರ್ ಹಿಡ್ಕೊಂಡು ಕಂಪನಿ ಅಂಗಡಿಗೆ ಹೋದ್ರೆ ಮಾಡ್ಕೊಡ್ತಾರೆ. ಇಬ್ಬರೂ ಹೋಗಬೇಕು, ಅದೇ ಕಷ್ಟ. ಗೃಹಲಕ್ಷ್ಮಿ ಎರಡು ಸಾವಿರ ಬರಕ್ಕೆ ಅಂತ ಎಷ್ಟೋ ಜನಕ್ಕೆ ಸ್ವಂತ ಖಾತೆ ಆಗೈತೆ. ಅದೇ ಖಾತೆಗೆ ಸ್ವಂತ ನಂಬರು ಸೇರಿಸಿ, ವ್ಯಾಪಾರದ ದುಡ್ಡು ಅಲ್ಲಿಗೇ ಬೀಳಂಗೆ ಮಾಡಿಸಿ. ಒಂದು ದಿನದ ಕೆಲಸ.

ಓರಗಿತ್ತಿ ಈಗ ಅವಳ ಹೆಸರಲ್ಲೇ ಸಿಮ್ಮು ತಗೊಂಡವ್ಳೆ. ಅಳತೆ ಪುಸ್ತಕದಾಗೆ ಗಿರಾಕಿ ನಂಬರು ಬರೆದಿಟ್ಟಿದ್ಲು, ಅರವತ್ತು ಎಪ್ಪತ್ತು ಇದ್ವು. ಒಬ್ಬೊಬ್ಬರಿಗೇ ಫೋನ್ ಮಾಡಿ, 'ಅಕ್ಕಾ, ನಾನೇ, ನಂಬರು ಬದಲಾಗೈತೆ' ಅಂತ ಹೇಳಿದ್ಲು. ಅರ್ಧ ಜನ ವಾಪಸ್ ಬಂದವ್ರೆ. ಉಳಿದೋರು ಹಳೇ ನಂಬರಿಗೇ ಮೆಸೇಜ್ ಹಾಕ್ತಾವ್ರಂತೆ, ಮೈದುನ ನೋಡಿ ಸುಮ್ನೆ ಇಡ್ತಾನೆ. ಉತ್ತರ ಕೊಡಕ್ಕೆ ಅವನಿಗೆ ಆರಿ ಕೆಲಸದಾಗೆ ಜರ್ದೋಸಿ ಯಾವ್ದು ಅಂತ ಗೊತ್ತಿರಬೇಕಲ್ಲ.